ಇಂಕ್‌ಜೆಟ್ ಫಿಲ್ಮ್‌ನಿಂದ ಪಿಸಿಬಿ: ಟ್ರ್ಯಾಕ್‌ಗಳ ನಡುವೆ ನೀಲಿ ಪೊರೆ ಹೋಗುತ್ತಿಲ್ಲ

ಬೆಸುಗೆ_ಹುಡುಗ

ನಮಸ್ಕಾರ. ಮೂರು ಭಾನುವಾರ ಇದರಲ್ಲೇ ಹೋಯಿತು, ಯಾರಾದರೂ ದಾರಿ ತೋರಿಸಿ.

ಅಟ್‌ಮೆಗಾ328 ಚಿಪ್ ಹಾಕಿ ಒಂದು ಚಿಕ್ಕ ಪಿಸಿಬಿ ಮಾಡುತ್ತಿದ್ದೇನೆ, ಅಂದರೆ ತಾಮ್ರದ ಗೆರೆಗಳೇ (ಟ್ರ್ಯಾಕ್) ವೈರಿನ ಕೆಲಸ ಮಾಡುವ ಸರ್ಕ್ಯೂಟ್ ಬೋರ್ಡ್. ಒಂದೇ ಪದರ, ತಾಮ್ರ ಕೆಳಗಡೆ. ಇಂಕ್‌ಜೆಟ್‌ನಲ್ಲಿ ಒಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ನೆಗೆಟಿವ್ ಪ್ರಿಂಟ್ ತೆಗೆದೆ. ಟ್ರ್ಯಾಕ್ ಬರಬೇಕಾದ ಕಡೆ ಖಾಲಿ, ಉಳಿದದ್ದೆಲ್ಲ ಕಪ್ಪು. ಡ್ರೈ ಫಿಲ್ಮ್ (ಯುವಿ ಬೆಳಕು ಬಿದ್ದಲ್ಲಿ ಗಟ್ಟಿಯಾಗುವ, ಬೀಳದಲ್ಲಿ ಸೋಡಾ ನೀರಿಗೆ ಕರಗಿಹೋಗುವ ನೀಲಿ ಹಾಳೆ) ಅಂಟಿಸಿದ ಬೋರ್ಡ್ ಮೇಲೆ ಅದನ್ನಿಟ್ಟು, ಮೇಲೊಂದು ಗಾಜು ಹೇರಿ, ನೇಲ್ ಪಾಲಿಶ್ ಒಣಗಿಸುವ ಯುವಿ ಲ್ಯಾಂಪಿನ ಕೆಳಗೆ 4 ನಿಮಿಷ ಬಿಟ್ಟೆ. ಆಮೇಲೆ ಸೋಡಾ ನೀರಲ್ಲಿ ತೊಳೆದೆ.

ಟ್ರ್ಯಾಕ್‌ಗಳು ಕಡುನೀಲಿಯಾಗಿ ನಿಲ್ಲುತ್ತವೆ. ಆದರೆ ಅವುಗಳ ನಡುವೆಯೂ ತೆಳ್ಳಗೆ ನೀಲಿ ಪೊರೆ ಉಳಿಯುತ್ತದೆ, ಹಾಲಿನ ಕೆನೆ ಥರ. ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್‌ಗೆ ಹಾಕಿದರೆ ಅಲ್ಲೆಲ್ಲ ತಾಮ್ರ ಕರಗುವುದೇ ಇಲ್ಲ. ಐಸಿ ಕಾಲುಗಳ ನಡುವೆ ಹೋಗುವ ಟ್ರ್ಯಾಕ್ ಅಂತೂ ಊದಿಕೊಂಡು ಪಕ್ಕದ ಪ್ಯಾಡ್‌ಗೆ (ಕಾಲು ಬೆಸೆಯುವ ತಾಮ್ರದ ಬಿಲ್ಲೆಗೆ) ಅಂಟಿಕೊಂಡಿದೆ. ಗ್ಯಾಪ್ 0.3 ಮಿ.ಮೀ. ಇಟ್ಟಿದ್ದೆ.

ಇಸ್ತ್ರಿಪೆಟ್ಟಿಗೆ

ಇಷ್ಟೆಲ್ಲ ಯಾಕೆ ಗುರು? ಪ್ರಿಂಟನ್ನು ತಾಮ್ರದ ಮೇಲಿಟ್ಟು ಇಸ್ತ್ರಿ ಹೊಡಿ, ಆಯ್ತು.

ಹಳೇ_ರೇಡಿಯೋ

ಅದು ಲೇಸರ್ ಪ್ರಿಂಟಿಗೆ ಮಾತ್ರ. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ, ಕಾದರೆ ಕರಗಿ ತಾಮ್ರಕ್ಕೆ ಅಂಟುತ್ತದೆ. ಇಂಕ್‌ಜೆಟ್ ಇಂಕ್ ಹಾಗಲ್ಲ. ಇಸ್ತ್ರಿ ಹೊಡೆದರೆ ಬಿಸಿ ಕಾಗದ ಸಿಗುತ್ತದೆ, ಅಷ್ಟೇ.

ಹುಡುಗ, ಮೊದಲು ಇದನ್ನು ಹೇಳು: ತೊಳೆದ ಸೋಡಾ ಯಾವುದು? ಅಡುಗೆಮನೆಯದಾ, ಬಟ್ಟೆ ಒಗೆಯುವುದಾ?

ಬೆಸುಗೆ_ಹುಡುಗ

ಮೊದಲ ಭಾನುವಾರ ಅಡುಗೆ ಸೋಡಾ ಹಾಕಿದ್ದೆ ಸರ್. ಏನೂ ಆಗಲಿಲ್ಲ, ಫಿಲ್ಮ್ ಹಾಗೇ ಕೂತಿತ್ತು. ಆಮೇಲೆ ವಾಷಿಂಗ್ ಸೋಡಾ ತಂದೆ. ಲೀಟರ್‌ಗೆ 10 ಗ್ರಾಂ, ಉಗುರುಬೆಚ್ಚಗಿನ ನೀರು.

ಹಳೇ_ರೇಡಿಯೋ

ಸರಿಯಾಗಿದೆ. ಅಡುಗೆ ಸೋಡಾಕ್ಕೆ ಅಷ್ಟು ಕ್ಷಾರ ಗುಣ ಇಲ್ಲ. ಅದೊಂದೇ ಇದ್ದರೆ ಬಾಣಲೆಯಲ್ಲಿ ಚೆನ್ನಾಗಿ ಹುರಿಯಬೇಕು, ನೀರು ಮತ್ತು ಕಾರ್ಬನ್ ಡೈ ಆಕ್ಸೈಡ್ ಹೋಗಿ ವಾಷಿಂಗ್ ಸೋಡಾನೇ ಆಗುತ್ತದೆ.

ಈಗ ತಪ್ಪು ಸೋಡಾದ್ದೋ ಇಂಕಿನದ್ದೋ ಗೊತ್ತಾಗಬೇಕು. ಅದಕ್ಕೊಂದು ನಾಣ್ಯ ಸಾಕು. ಡ್ರೈ ಫಿಲ್ಮ್ ಅಂಟಿಸಿದ ಒಂದು ತುಂಡು ಬೋರ್ಡ್ ತಗೋ. ಅರ್ಧದ ಮೇಲೆ ನಿನ್ನ ಪ್ರಿಂಟಿನ ಕಪ್ಪು ಭಾಗ ಇಡು, ಇನ್ನರ್ಧದ ಮೇಲೆ ಒಂದು ರೂಪಾಯಿ ನಾಣ್ಯ. ಅದೇ 4 ನಿಮಿಷ ಬೆಳಕು ಕೊಡು, ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತು ತೊಳೆ. ನಾಣ್ಯದಿಂದ ಬೆಳಕು ದಾಟುವ ಮಾತೇ ಇಲ್ಲ. ಅಲ್ಲೂ ಪೊರೆ ಉಳಿದರೆ ಸೋಡಾ ನೀರಿನ ತಪ್ಪು, ಇಲ್ಲಾ ಫಿಲ್ಮ್ ಹಳೇದು. ಅಲ್ಲಿ ಮಾತ್ರ ಹೋದರೆ ಇಂಕ್ ಮೂಲಕ ಬೆಳಕು ಸೋರುತ್ತಿದೆ ಅಂತ.

ಬೆಸುಗೆ_ಹುಡುಗ

ಮಾಡಿದೆ. ನಾಣ್ಯ ಇಟ್ಟ ಕಡೆ ಎರಡೇ ನಿಮಿಷಕ್ಕೆ ದುಂಡಗೆ, ಫಳಫಳ ತಾಮ್ರ. ಇಂಕ್ ಕಡೆ ಅದೇ ಕೆನೆ. ಆದರೆ ಸರ್, ಶೀಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಚೆನ್ನಾಗಿಯೇ ಕಪ್ಪಗಿದೆ!

ಹಳೇ_ರೇಡಿಯೋ

ನಿನ್ನ ಕಣ್ಣಿಗೆ ಕಪ್ಪು. ಫಿಲ್ಮ್ ನೋಡುವುದು ನೇರಳೆ ಮತ್ತು ಅದರಾಚೆಯ ಬೆಳಕನ್ನು. ಈ ಲ್ಯಾಂಪ್‌ಗಳು 365 ಇಲ್ಲಾ 405 ನ್ಯಾನೋಮೀಟರ್ ಸುತ್ತಮುತ್ತ ಇರುತ್ತವೆ. ಡೈ ಇಂಕಿನ ಕಪ್ಪು ಅಲ್ಲಿ ಸಾಕಷ್ಟು ತಡೆಯದೆ ಇರಬಹುದು.

ಡ್ರೈವರ್‌ನಲ್ಲಿ ಪೇಪರ್ ಯಾವುದು ಅಂತ ಕೊಟ್ಟಿದ್ದೆ? ‘ಪ್ಲೇನ್ ಪೇಪರ್’ ಇದ್ದರೆ ಇಂಕ್ ಕಡಿಮೆ ಬೀಳುತ್ತದೆ. ಗ್ಲಾಸಿ ಫೋಟೋ ಪೇಪರ್, ಹೈ ಕ್ವಾಲಿಟಿ ಕೊಡು. ‘ಬ್ಲ್ಯಾಕ್ ಓನ್ಲಿ’ ತೆಗೆದು ಕಲರ್ ಇಡು. ಆಗ ಕಪ್ಪಿನ ಜೊತೆ ಹಳದಿಯೂ ಬೀಳುತ್ತದೆ. ನೀಲಿ-ನೇರಳೆಯನ್ನು ನುಂಗುವುದು ಹಳದಿಯೇ. ಡ್ರೈ ಫಿಲ್ಮ್ ಕೆಲಸಕ್ಕೆ ಹಳದಿ ದೀಪ ಹಾಕಿಕೊಳ್ಳುವುದೂ ಅದಕ್ಕೇ.

ಗುಂಡುಸೂಜಿ

ನಡುವೆ ಬಾಯಿ ಹಾಕುತ್ತೇನೆ. ಟ್ರ್ಯಾಕ್ ಊದುವುದಕ್ಕೆ ಇನ್ನೊಂದು ಕಾರಣ ಇರಬಹುದು. ಶೀಟಿನ ಇಂಕ್ ಇರುವ ಮುಖ ಮೇಲಿತ್ತಾ, ಕೆಳಗಿತ್ತಾ?

ಬೆಸುಗೆ_ಹುಡುಗ

ಮೇಲೆ. ಫಿಲ್ಮ್‌ಗೆ ತಾಗಿ ಇಂಕ್ ಅಳಿಸಿಹೋದರೆ ಅಂತ ಹೆದರಿಕೆ.

ಗುಂಡುಸೂಜಿ

ಅಲ್ಲೇ ಇರೋದು. ಶೀಟಿನ ದಪ್ಪ ಸುಮಾರು 0.1 ಮಿ.ಮೀ. ಇಂಕ್ ಮೇಲಿದ್ದರೆ ಓರೆಯಾಗಿ ಬಂದ ಬೆಳಕು ಅಷ್ಟು ಸಂದಿಯಲ್ಲಿ ನುಸುಳಿ ಕಪ್ಪಿನ ಅಡಿಗೆ ಹೋಗುತ್ತದೆ. ನೇಲ್ ಲ್ಯಾಂಪಿನಲ್ಲಿ ಎಲ್‌ಇಡಿಗಳು ಸುತ್ತಲೂ ಇರುತ್ತವಲ್ಲ, ಎಲ್ಲ ಕಡೆಯಿಂದಲೂ ಓರೆ ಬೆಳಕೇ. 0.3 ಗ್ಯಾಪ್‌ಗೆ ಅದು ಜಾಸ್ತಿ. ಇಂಕ್ ಮುಖ ಫಿಲ್ಮ್‌ಗೆ ಅಂಟಿಕೊಂಡಿರಲಿ. ಪ್ರಿಂಟ್ ಒಂದು ಗಂಟೆ ಒಣಗಿದ್ದರೆ ಏನೂ ಅಳಿಸುವುದಿಲ್ಲ. ಫಿಲ್ಮ್ ಮೇಲೆ ಅದರ ಪ್ಲಾಸ್ಟಿಕ್ ಹಾಳೆ ಹೇಗೂ ಇರುತ್ತದೆ. ಶೀಟ್ ತಿರುಗಿಸಿದ ಮೇಲೆ ಮಿರರ್ ಸೆಟ್ಟಿಂಗ್ (ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಮಾಡುವುದು) ಕೂಡ ಬದಲಿಸಬೇಕು, ಮರೀಬೇಡ.

ಹಳೇ_ರೇಡಿಯೋ

ಸರಿಯಾಗಿ ಹಿಡಿದಿರಿ. ಹುಡುಗ, 4 ನಿಮಿಷ ಅನ್ನುವುದೂ ಸುಮ್ನೆ ಅಂದಾಜು, ಅಲ್ವಾ? ಪಟ್ಟಿ ಟೆಸ್ಟ್ ಮಾಡು. ಒಂದು ಉದ್ದ ತುಂಡಿನ ಮೇಲೆ ಪ್ರಿಂಟ್ ಇಟ್ಟು ರಟ್ಟಿನಿಂದ ಮುಚ್ಚು, 15 ಸೆಕೆಂಡಿಗೊಮ್ಮೆ ಒಂದು ಬೆರಳಗಲ ಸರಿಸುತ್ತಾ ಹೋಗು. ತೊಳೆದಾಗ ಟ್ರ್ಯಾಕ್ ಕಿತ್ತು ಬರದೆ, ನಡುವೆ ಪೊರೆಯೂ ಉಳಿಯದೆ ಇರುವ ಪಟ್ಟಿ ಯಾವುದೋ ಅದೇ ನಿನ್ನ ಟೈಮ್. ನನ್ನ ಟೈಮ್ ಕೇಳಬೇಡ, ಲ್ಯಾಂಪ್ ಬೇರೆ, ಎತ್ತರ ಬೇರೆ. ಎರಡು ಶೀಟ್ ಒಂದರ ಮೇಲೊಂದು ಅಂಟಿಸುವವರೂ ಇದ್ದಾರೆ. ಕೂದಲೆಳೆಯಷ್ಟು ಜರುಗಿದರೂ ಟ್ರ್ಯಾಕ್ ಸಣ್ಣದಾಗುತ್ತದೆ, ಹಾಗಾಗಿ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಬೆಸುಗೆ_ಹುಡುಗ

ಇವತ್ತಿನ ವರದಿ. ಫೋಟೋ ಪೇಪರ್, ಕಲರ್, ಇಂಕ್ ಕೆಳಗೆ. ಮೊದಲ ಪ್ರಿಂಟಿನಲ್ಲಿ ಇಂಕ್ ಹನಿಹನಿಯಾಗಿ ನಿಂತಿತು, ನೋಡಿದರೆ ಶೀಟಿನ ನುಣುಪು ಕಡೆ ಹಾಕಿದ್ದೆ. ಒದ್ದೆ ಬೆರಳು ಇಟ್ಟಾಗ ಅಂಟಂಟು ಅನ್ನಿಸುವ ಕಡೆ ಹಾಕಿದ ಮೇಲೆ ಸರಿಹೋಯಿತು. ಪಟ್ಟಿ ಟೆಸ್ಟ್‌ನಲ್ಲಿ 75 ಸೆಕೆಂಡ್ ಗೆದ್ದಿತು. ನಾನು ಕೊಡುತ್ತಿದ್ದದ್ದು 240!

ಪೊರೆ ಪೂರ್ತಿ ಹೋಯಿತು. ಐಸಿ ಕಾಲುಗಳ ನಡುವಿನ ಟ್ರ್ಯಾಕ್ ದಾರದ ಹಾಗೆ ನೇರ ನಿಂತಿದೆ, ಎಚ್ಚಿಂಗ್ (ಬೇಡದ ತಾಮ್ರ ಕರಗಿಸುವುದು) ಆದ ಮೇಲೆ ಮೀಟರ್ ಹಿಡಿದು ನೋಡಿದೆ, ಎಲ್ಲೂ ಶಾರ್ಟ್ ಇಲ್ಲ. ಖುಷಿಯಲ್ಲಿ ಡ್ರಿಲ್ಲಿಂಗ್ ಕೂಡ ಮುಗಿಸಿದೆ. ಆಮೇಲೆ ನೋಡಿದರೆ ತಾಮ್ರದ ಮೇಲಿನ ಅಕ್ಷರ ಉಲ್ಟಾ. ಮಿರರ್ ಟಿಕ್ ತೆಗೆಯುವುದನ್ನು ಮರೆತಿದ್ದೆ.

ಗುಂಡುಸೂಜಿ

ಹೇಳಿದ್ದೆ ತಾನೆ! ಬಿಸಾಡಬೇಡ. ಐಸಿಯನ್ನೂ ಉಳಿದ ಪಾರ್ಟ್‌ಗಳನ್ನೂ ತಾಮ್ರದ ಕಡೆಯಿಂದಲೇ ಕೂರಿಸಿದರೆ ಕಾಲುಗಳು ಸರಿಯಾಗಿ ಹೊಂದುತ್ತವೆ. ಐಸಿ ಕೂರುವ ಸಾಕೆಟ್ ಸ್ವಲ್ಪ ಎತ್ತಿ ಹಿಡಿದು ಪಕ್ಕದಿಂದ ಸೋಲ್ಡರ್ ಮಾಡು.

ಬೆಸುಗೆ_ಹುಡುಗ

ಹಾಗೇ ಮಾಡಿದೆ. ಎಲ್‌ಇಡಿ ಮಿನುಗುತ್ತಿದೆ. ಅಕ್ಷರ ಓದಲು ಮಾತ್ರ ಕನ್ನಡಿ ಬೇಕು.