ಕಾಕು ಹಾಕಿದ ಡಬ್ಬಿಯ ಫೋಟೋ

ಗುಂಪು: ಪತ್ತಾರ ಮನೆತನ, ವಿಜಯಪುರ

ವಿಜಯಪುರ ಕಾಕು: ಫೋಟೋ ನೋಡಿ. ಮಗಳ ಮದುವೆಗೆ ಅಂತ ತರಿಸಿದ ಕ್ರೀಮ್, ಪರದೇಶದ ಮಾಲು. ಮೂರೇ ವಾರದಲ್ಲಿ ಮುಖ ಎಷ್ಟು ಬೆಳ್ಳಗಾಗಿದೆ! ಇನ್ನೂ ನಾಲ್ಕು ಡಬ್ಬಿ ಇವೆ, ಯಾರಿಗೆ ಬೇಕು ಹೇಳಿ.

ನಾನು: ಕಾಕು, ಡಬ್ಬಿಯ ಹಿಂದೆ ಏನು ಬರೆದಿದೆ?

ವಿಜಯಪುರ ಕಾಕು: ಏನೂ ಇಲ್ಲ ತಮ್ಮಾ. ಮಾಡಿದವರ ಹೆಸರೂ ಇಲ್ಲ. ಆದರೆ ಬೆಳ್ಳಗಾಗಿದ್ದು ಸುಳ್ಳಾ?

ನಾನು: ಸುಳ್ಳಲ್ಲ. ನನಗೆ ಅದೇ ಹೆದರಿಕೆ. ಹೀಗೆ ಬೇಗ ಬೆಳ್ಳಗೆ ಮಾಡುವ, ಹೆಸರು ವಿಳಾಸ ಇಲ್ಲದ ಕ್ರೀಮ್‌ಗಳಲ್ಲಿ ಪಾದರಸದ ಲವಣ ಸಿಕ್ಕಿದ್ದುಂಟು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗದಂತೆ ಅದು ತಡೆಯುತ್ತದೆ. ನಮ್ಮ 2020ರ ನಿಯಮದಲ್ಲಿ, ಅಪ್ಪಿತಪ್ಪಿ ಸೇರಿದ ಪಾದರಸವೂ ಇಂಥ ಕ್ರೀಮ್‌ನಲ್ಲಿ ಕೆಜಿಗೆ 1 ಮಿಲಿಗ್ರಾಂ ದಾಟುವಂತಿಲ್ಲ.

ಬಾಗಲಕೋಟೆ ಕಾಕಾ: ಪಾದರಸಕ್ಕೆ ಹೆದರುವ ಮನೆತನವಾ ನಮ್ಮದು? ಅಂಗಡಿ ಕಸದಲ್ಲಿನ ಚಿನ್ನದ ಪುಡಿ ಹಿಡಿಯಲು ನಿಮ್ಮ ಅಜ್ಜ ಪಾದರಸ ಹಾಕಿ ಕಾಯಿಸುತ್ತಿದ್ದರು. 82 ವರ್ಷ ಬದುಕಿದರು. ನಾವೂ ಅಂಗೈಯಲ್ಲಿ ಉರುಳಿಸಿ ಆಡಿದ್ದೇವೆ.

ನಾನು: ಅಂಗೈಯಲ್ಲಿ ಉರುಳುವ ಪಾದರಸ ಚರ್ಮದೊಳಗೆ ಅಷ್ಟಾಗಿ ಇಳಿಯುವುದಿಲ್ಲ ಕಾಕಾ. ಅದರ ಆವಿ ಉಸಿರಿಗೆ ಹೋದರೆ ಅಪಾಯ. ಕ್ರೀಮ್‌ನ ಲವಣ ಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಇನ್ನು ಅಜ್ಜನ ಮೈ ಎಲ್ಲರಿಗೂ ಇರುವುದಿಲ್ಲ. ಪ್ರಯೋಗದ ಇಲಿಗಳಿಗೆ ಪಾದರಸ ಕೊಟ್ಟಾಗ, ರೋಗಾಣುಗಳ ಮೇಲೆ ಹೋಗಬೇಕಾದ ಪ್ರತಿಕಾಯಗಳು ಕೆಲವು ತಳಿಗಳಲ್ಲಿ ಮಾತ್ರ ತಮ್ಮ ಮೈಯ ವಿರುದ್ಧವೇ ಹುಟ್ಟಿದವು. ಬ್ರೆಜಿಲ್‌ನಲ್ಲಿ ಪಾದರಸ ಬಳಸಿ ಚಿನ್ನ ತೆಗೆಯುವವರ ರಕ್ತದಲ್ಲೂ ಅಂಥ ಪ್ರತಿಕಾಯ ಜಾಸ್ತಿ ಕಂಡಿದೆ.

ಬಾಗಲಕೋಟೆ ಕಾಕಾ: ರೋಗ ತಡೆಯುವ ಶಕ್ತಿ ಸ್ವಲ್ಪ ಕಡಿಮೆ ಆಗುತ್ತದೆ, ಅಷ್ಟೇ ಅಲ್ವಾ? ಕಷಾಯ ಕುಡಿದರಾಯಿತು.

ನಾನು: ಕಾಕಾ, ಇದನ್ನು ಸಮಾಧಾನದಿಂದ ಓದಿ. ಪಾದರಸ ಚಿನ್ನವನ್ನು ಹೇಗೆ ಹಿಡಿಯುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಗಂಧಕವನ್ನೂ ಹಾಗೇ ಬಿಗಿಯಾಗಿ ಹಿಡಿಯುತ್ತದೆ. ನಮ್ಮ ಪ್ರೋಟೀನ್‌ಗಳಲ್ಲಿ ಅಲ್ಲಲ್ಲಿ ಗಂಧಕ ಇದೆ. ಬಿಳಿ ರಕ್ತಕಣಗಳು ಹೊರಗಿನ ಸುದ್ದಿಯನ್ನು ಒಳಗೆ ದಾಟಿಸುವುದು ಇಂಥ ಪ್ರೋಟೀನ್‌ಗಳಿಂದಲೇ. ಪಾದರಸ ಅಲ್ಲಿ ಹೋಗಿ ಕೂತರೆ ಸುದ್ದಿ ಕೆಡುತ್ತದೆ. ಬಿಳಿ ರಕ್ತಕಣಗಳಲ್ಲಿ ಟಿ ಕಣ ಅಂತ ಒಂದು ಬಗೆ. ಸೋಂಕು ಹೋದ ಮೇಲೆ ಅವುಗಳಲ್ಲಿ ಬಹಳಷ್ಟು ಸಾಯಬೇಕು. ಆ ಅಪ್ಪಣೆ ಬರುವ ಒಂದು ದಾರಿ 'ಫಾಸ್', ಅಂದರೆ ಕಣದ ಮೇಲೆ ಸುದ್ದಿ ಹಿಡಿಯುವ ಒಂದು ಪ್ರೋಟೀನ್. ಪ್ರಯೋಗಾಲಯದಲ್ಲಿ, ಕಣವನ್ನು ಕೊಲ್ಲದಷ್ಟು ಕಡಿಮೆ ಪಾದರಸವೂ ಆ ಅಪ್ಪಣೆಗೆ ಅಡ್ಡ ಬಂದಿದೆ. ಸಾಯಬೇಕಾದ ಕಣ ಉಳಿದುಕೊಂಡರೆ ಸ್ವಂತ ಮೈಯ ಮೇಲೇ ತಿರುಗಬಹುದು. ಕಷಾಯ ಏನು ಮಾಡುತ್ತದೆ ಇದಕ್ಕೆ?

ಬೆಳಗಾವಿ ವೈನಿ: ಅವನು ಹೇಳುವುದು ನಿಜ ಕಾಕಾ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು ಕಿಡ್ನಿಯ ಇಂಥದೇ ಒಂದು ಕಾಯಿಲೆಯ ವರದಿ ಬರೆದಿದ್ದಾರೆ. ಆ ಕಾಯಿಲೆಯ ಒಂದೇ ಬಗೆ ಇದ್ದ 15 ರೋಗಿಗಳಲ್ಲಿ 13 ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಕಿಡ್ನಿಯ ಸೋಸುವ ಪೊರೆಯಲ್ಲಿ ಪ್ರತಿಕಾಯ ಕೂತು ಪ್ರೋಟೀನ್ ಸೋರುತ್ತದೆ. ಮುಖ, ಕಾಲು ಊದುತ್ತವೆ, ಮೂತ್ರ ನೊರೆನೊರೆಯಾಗುತ್ತದೆ. ಕ್ರೀಮ್ ಬಿಟ್ಟ ಮೇಲೆ ಹಲವರಿಗೆ ಕಡಿಮೆಯಾಗಿದೆ.

ವಿಜಯಪುರ ಕಾಕು: ಸುಮ್ನೆ ಹೆದರಿಸಬೇಡಿ. ಗಂಡಿನ ಕಡೆಯವರು ಹುಡುಗಿ ಕಪ್ಪು ಅಂದಾಗ ನೀವ್ಯಾರೂ ಎದುರಿಗೆ ಇರಲಿಲ್ಲ.

ನಾನು: ಆ ಮಾತು ಕೇಳಿ ನನಗೂ ಹೊಟ್ಟೆ ಉರಿದಿತ್ತು ಕಾಕು. ಅಂದವರದ್ದು ತಪ್ಪು. ಅವರ ಮಾತಿಗೆ ನಮ್ಮ ಹುಡುಗಿ ಕಿಡ್ನಿ ಕಳೆದುಕೊಳ್ಳಬೇಕಾ?

ತಂಗಿ (ಕಾಕುವಿನ ಮಗಳು): ಅವ್ವ, ನಾಲ್ಕು ದಿನದಿಂದ ಬೆಳಿಗ್ಗೆ ಕಣ್ಣಿನ ಸುತ್ತ ಊದಿರುತ್ತದೆ. ನಿದ್ದೆ ಕಡಿಮೆಯಾಗಿದೆ ಅಂದುಕೊಂಡಿದ್ದೆ.

ಬೆಳಗಾವಿ ವೈನಿ: ಇವತ್ತು ರಾತ್ರಿ ಹಚ್ಚಬೇಡ. ನಾಳೆ ಎದ್ದ ಕೂಡಲೇ ಮೊದಲ ಮೂತ್ರವನ್ನು ಪರೀಕ್ಷೆಗೆ ಕೊಡು. ಡಾಕ್ಟರಿಗೆ ಡಬ್ಬಿ ತೋರಿಸು, ಮುಚ್ಚಿಡಬೇಡ.

ವಿಜಯಪುರ ಕಾಕು: ಉಳಿದ ಡಬ್ಬಿ ಕಸಕ್ಕೆ ಹಾಕಲಾ?

ನಾನು: ಬೇಡ ಕಾಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬೇರೆ ಇಡಿ. ಅವಳ ಟವೆಲ್, ದಿಂಬಿನ ಕವರ್ ಸಹ ಬೇರೆ ಮಾಡಿ. ಮಕ್ಕಳು ಮುಟ್ಟುವುದು ಬೇಡ.

ಬಾಗಲಕೋಟೆ ಕಾಕಾ: ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಡಾಕ್ಟರ ಹತ್ತಿರ ಅವಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ.