ರೈಸ್ ಮಿಲ್, ಎಂಡ್ ಮಿಲ್, 2 ಮಿಲ್ ಶೀಟ್: ಎಲ್ಲಾ ಒಂದೇ ಪದವೇ?

ಪದಹುಡುಕಿ_ದಾವಣಗೆರೆ:
ನಮ್ಮೂರಲ್ಲಿ ಮಿಲ್ ಅನ್ನೋ ಮಾತು ಕಿವಿಗೆ ಬೀಳದ ದಿನ ಇಲ್ಲ. ಕಾಟನ್ ಮಿಲ್, ರೈಸ್ ಮಿಲ್, ಅವಲಕ್ಕಿ ಮಿಲ್, ಸಾ ಮಿಲ್. ನಿಘಂಟು ತೆಗೆದರೆ ಮೊದಲ ಅರ್ಥ ‘ಬೀಸುವ ಯಂತ್ರ’. ಇವುಗಳಲ್ಲಿ ಹಿಟ್ಟು ಬೀಸೋದು ಒಂದೂ ಇಲ್ಲವಲ್ಲ! ಮೇಲಾಗಿ ವರ್ಕ್‌ಶಾಪಿನಲ್ಲಿ ಎಂಡ್ ಮಿಲ್, ಪ್ಲಾಸ್ಟಿಕ್ ಶೀಟಿಗೆ 2 ಮಿಲ್, ಅಮೆರಿಕದ ಮನೆ ತೆರಿಗೆಗೆ 20 ಮಿಲ್. ಅನುವಾದ ಮಾಡುವಾಗ ಎಲ್ಲಿ ಗಿರಣಿ ಅನ್ನಬಹುದು, ಎಲ್ಲಿ ಅನ್ನಬಾರದು?

ಬೇರುಬಿಳಲು:
ಎರಡು ಬೇರೆ ಬೇರೆ ಪದಗಳು ಇಲ್ಲಿ ಬೆರೆತಿವೆ. ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ಮಿಲ್ 1, ಮಿಲ್ 2 ಎಂದು ಪ್ರತ್ಯೇಕ ನಮೂದು ಇರುತ್ತವೆ. ಹಾಗಿದ್ದರೆ ಮೂಲ ಬೇರೆ ಎಂದೇ ಅರ್ಥ.

ಮೊದಲನೆಯದು ಲ್ಯಾಟಿನ್ನಿನ ‘ಮೋಲಾ’, ಅಂದರೆ ಬೀಸುವ ಕಲ್ಲು. ದವಡೆ ಹಲ್ಲಿಗೆ ‘ಮೋಲಾರ್’ ಅನ್ನುವುದೂ ಇದರಿಂದಲೇ, ಅದೂ ಅರೆಯುವ ಕಲ್ಲೇ ತಾನೇ. ಹಳೆಯ ಇಂಗ್ಲಿಷಿನಲ್ಲಿ ಪದದ ಕೊನೆಗೆ ಒಂದು ‘ನ್’ ಇತ್ತು, ಆಮೇಲೆ ಬಿದ್ದುಹೋಯಿತು. ಮಿಲ್ನರ್ ಅನ್ನುವ ಮನೆತನದ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ.

ನೂಲಿನ ಕಾರ್ಖಾನೆಗೆ ಈ ಹೆಸರು ಬರಲು ಕಾರಣ ನೀರಿನ ಚಕ್ರ. ಯೂರೋಪಿನಲ್ಲಿ ನೂರಾರು ವರ್ಷ ಹಿಟ್ಟಿನ ಕಲ್ಲನ್ನು ತಿರುಗಿಸಿದ್ದು ಹೊಳೆಯ ನೀರು. ಅದೇ ಚಕ್ರಕ್ಕೆ ಗರಗಸ ಕಟ್ಟಿದರು, ಬಟ್ಟೆ ಕುಟ್ಟುವ ಕೊಡತಿ ಕಟ್ಟಿದರು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಎಂಬ ಉದ್ಯಮಿ ಇಂಗ್ಲೆಂಡಿನ ಕ್ರಾಮ್‌ಫರ್ಡ್ ಹಳ್ಳಿಯಲ್ಲಿ ಹತ್ತಿ ನೂಲುವ ಯಂತ್ರಗಳನ್ನು ನೀರಿನಿಂದ ಓಡಿಸಲು ಶುರುಮಾಡಿದಾಗ ಅದೂ ಮಿಲ್ ಆಯಿತು. ಕಲ್ಲು ಹೋಯಿತು, ಹೆಸರು ನಿಂತಿತು. ದಾವಣಗೆರೆಗೆ ಬಂದದ್ದು ಈ ಅರ್ಥ.

ಎರಡನೆಯದು ಲ್ಯಾಟಿನ್ನಿನ ‘ಮಿಲ್ಲೆ’, ಸಾವಿರ. 1792ರ ಅಮೆರಿಕದ ನಾಣ್ಯ ಕಾಯ್ದೆಯಲ್ಲಿ ಡಾಲರಿನ ಸಾವಿರದ ಒಂದು ಭಾಗಕ್ಕೆ ಈ ಹೆಸರಿದೆ. 20 ಮಿಲ್ ಅಂದರೆ ತೆರಿಗೆಗೆ ಹಿಡಿದ ಮೌಲ್ಯದ ಪ್ರತಿ ಸಾವಿರ ಡಾಲರಿಗೆ 20 ಡಾಲರ್. ಮೌಲ್ಯ 2,00,000 ಆದರೆ ತೆರಿಗೆ 4,000. ಇದಕ್ಕೆ ಗಿರಣಿ ಅಂತ ಬರೆದರೆ ಅನರ್ಥ.

ಲೇತ್_ಮನೆ:
ಶೀಟಿನ ಮಿಲ್ ಕೂಡ ಆ ಸಾವಿರದ ಕಡೆಯದೇ, ಇಂಗ್ಲಿಷಿನಲ್ಲಿ ಒಂದೇ ‘ಎಲ್’. ಇಂಚಿನ ಸಾವಿರದ ಒಂದು ಭಾಗ, 25.4 ಮೈಕ್ರಾನ್. 2 ಮಿಲ್ ಅಂದರೆ ಸುಮಾರು 51 ಮೈಕ್ರಾನ್. ಇದನ್ನು 2 ಎಂ.ಎಂ. ಅಂತ ಓದಿಕೊಂಡರೆ ಲೆಕ್ಕ 39 ಪಟ್ಟು ತಪ್ಪುತ್ತದೆ. ಆರ್ಡರ್ ಕೊಡುವಾಗ ಮೈಕ್ರಾನ್‌ನಲ್ಲೇ ಬರೆಸಿ.

ಎಂಡ್ ಮಿಲ್ ಅಂದರೆ ಲೋಹ ಕೊಯ್ಯುವ ಕಟರ್, ಅದು ಮೊದಲನೆಯ ಪದದ ಕಡೆಯದು. ಲೇತ್‌ನಲ್ಲಿ ಜಾಬ್, ಅಂದರೆ ಕೊಯ್ಯಬೇಕಾದ ತುಂಡು, ತಿರುಗುತ್ತದೆ, ಮಿಲ್ಲಿಂಗ್‌ನಲ್ಲಿ ಕಟರ್ ತಿರುಗುತ್ತದೆ. ಡ್ರಿಲ್ ಬಿಟ್ ಕೊಯ್ಯುವುದು ತುದಿಯಲ್ಲಿ ಮಾತ್ರ. ಎಂಡ್ ಮಿಲ್‌ಗೆ ಪಕ್ಕದಲ್ಲೂ ಅಲಗು. ಡ್ರಿಲ್ ಬಿಟ್ ಹಾಕಿ ಅಡ್ಡಕ್ಕೆ ಓಡಿಸಿದರೆ ಬಿಟ್ ಬಾಗಿ ಮುರಿಯುತ್ತದೆ. ಇದಕ್ಕೆ ಕನ್ನಡ ಹುಡುಕುವ ಗೋಜು ಬೇಡ, ‘ಎಂಡ್ ಮಿಲ್’ ಅಂತಲೇ ಬಿಡಿ.

ಪದಹುಡುಕಿ_ದಾವಣಗೆರೆ:
ಬಹಳ ಉಪಕಾರ ಸರ್. ರೈಸ್ ಮಿಲ್, ಆಯಿಲ್ ಮಿಲ್‌ಗಳಿಗೆ?

ಗಾಣದಮನೆ_ಚಳ್ಳಕೆರೆ:
ಇಂಗ್ಲಿಷ್ ಎಲ್ಲಕ್ಕೂ ಒಂದೇ ಪದ ಹೊದಿಸುತ್ತದೆ, ಕನ್ನಡ ಕೆಲಸ ನೋಡಿ ಹೆಸರಿಡುತ್ತದೆ. ಕೈಯಲ್ಲಿ ತಿರುಗಿಸಿದರೆ ಬೀಸುವ ಕಲ್ಲು, ಎಣ್ಣೆಗೆ ಗಾಣ, ಬೆಲ್ಲಕ್ಕೆ ಆಲೆಮನೆ, ಕರೆಂಟಿನ ಹಿಟ್ಟಿನಂಗಡಿ ಗಿರಣಿ. ಹಳೆಯ ಕಥೆಯಲ್ಲಿ ಎತ್ತು ಸುತ್ತುತ್ತಿದ್ದರೆ ಗಾಣ ಅನ್ನಿ. ಶೇಂಗಾವನ್ನು ಎಕ್ಸ್‌ಪೆಲ್ಲರ್‌ಗೆ (ಎಣ್ಣೆ ಹಿಂಡುವ ಯಂತ್ರಕ್ಕೆ) ಹಾಕುವ ಕಡೆ ಎಣ್ಣೆ ಮಿಲ್ಲೇ ಸರಿ, ಚಳ್ಳಕೆರೆಯಲ್ಲಿ ಎಲ್ಲರೂ ಅನ್ನೋದು ಅದೇ.

ರೈಸ್ ಮಿಲ್‌ನಲ್ಲಿ ಅಕ್ಕಿ ಹಿಟ್ಟಾದರೆ ನಷ್ಟ. ರಬ್ಬರ್ ರೋಲರ್ ಹೊಟ್ಟು ಬಿಡಿಸುತ್ತದೆ, ಪಾಲಿಶರ್ ತೌಡು ತೆಗೆಯುತ್ತದೆ. 100 ಕಿಲೋ ಭತ್ತಕ್ಕೆ ಹೊಟ್ಟೇ ಸುಮಾರು 20 ಕಿಲೋ. ಆದ್ದರಿಂದ ‘ಮಿಲ್ಡ್ ರೈಸ್’ ಅಂದರೆ ಬೀಸಿದ ಅಕ್ಕಿ ಅಲ್ಲ, ಪಾಲಿಶ್ ಮಾಡಿದ ಅಕ್ಕಿ. ಅನುವಾದದಲ್ಲಿ ಜನ ಎಡವೋದು ಇಲ್ಲೇ.

ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯನ್ನು ಕಾಟನ್ ಮಿಲ್ ಜೊತೆ ಸೇರಿಸಬೇಡಿ, ಅಲ್ಲಿ ನೂಲುವುದಿಲ್ಲ. ಆ ‘ಜಿನ್’ ಕೂಡ ‘ಎಂಜಿನ್’ ಪದದ ತಲೆ ಕತ್ತರಿಸಿ ಮಾಡಿದ್ದು. ಕುಡಿಯುವ ಜಿನ್‌ಗೂ ಅದಕ್ಕೂ ನಂಟಿಲ್ಲ.