ಕೊಲೆಸ್ಟ್ರಾಲ್‌ಗೆ ‘ಕೊಬ್ಬು’ ಎನ್ನಬಹುದೇ?

ಡೊಂಬಿವಲಿಯ ನಮ್ಮ ಮನೆಯಲ್ಲಿ ಹೋದ ವಾರ ಒಂದು ಪದಕ್ಕಾಗಿ ಜಗಳವೇ ಆಯಿತು. ಅತ್ತೆಯ ರಕ್ತಪರೀಕ್ಷೆಯ ರಿಪೋರ್ಟ್ ಓದುತ್ತ ‘ನಿಮಗೆ ಕೊಬ್ಬು ಜಾಸ್ತಿಯಾಗಿದೆ’ ಅಂದುಬಿಟ್ಟೆ. ಸೊಸೆಯ ಬಾಯಲ್ಲಿ ಇಂಥ ಮಾತು! ಪಕ್ಕದ ಮನೆಯ ಕಾಕು ಸಮಾಧಾನ ಮಾಡಲು ಬಂದು ‘ಚರಬಿ ವಾಢಲೀ’ ಅಂದರು. ಮರಾಠಿಯಲ್ಲೂ ಅದೇ ತಾಪತ್ರಯ, ಚರಬಿ ಏರಿತೆಂದರೆ ಸೊಕ್ಕು ಬಂತೆಂದೇ.

ಸಿಟ್ಟು ಇಳಿಯಿತು, ಅನುಮಾನ ಇಳಿಯಲಿಲ್ಲ. ‘ನಲವತ್ತೈದು ಕಿಲೋದವಳಿಗೆ ಎಲ್ಲಿಯ ಕೊಬ್ಬು?’ ಇದು ಪದ ಮಾಡಿದ ಕಿತಾಪತಿ. ಕೊಬ್ಬೆಂದರೆ ನಮಗೆ ಕಣ್ಣಿಗೆ ಕಾಣುವ ಬೊಜ್ಜು. ಕೊಲೆಸ್ಟ್ರಾಲ್ ಸಣಕಲು ಮೈಯಲ್ಲೂ ಏರುತ್ತದೆ, ಏರಿದ್ದು ತಿಳಿಯುವುದೂ ಇಲ್ಲ. ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೂತು ಹೃದಯಾಘಾತಕ್ಕೋ ಲಕ್ವಕ್ಕೋ ದಾರಿ ಮಾಡುತ್ತದೆ.

‘ಒಳ್ಳೆ ಕೊಬ್ಬು, ಕೆಟ್ಟ ಕೊಬ್ಬು’ ಎಂಬ ಜೋಡಿಯೂ ನನಗೆ ಒಪ್ಪಿಗೆಯಿಲ್ಲ. ‘ಕೆಟ್ಟದ್ದು’ ಅನ್ನಿಸಿಕೊಂಡ ಎಲ್‌ಡಿಎಲ್, ‘ಒಳ್ಳೆಯದು’ ಅನ್ನಿಸಿಕೊಂಡ ಎಚ್‌ಡಿಎಲ್ ಎಂಬವು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಗಾಡಿಗಳು. ಒಳಗೆ ಕೂತ ಕೊಲೆಸ್ಟ್ರಾಲ್ ಎರಡರಲ್ಲೂ ಒಂದೇ. ಪಿತ್ತಜನಕಾಂಗವನ್ನು ಮುಂಬಯಿಯ ಲೋಕಲ್ ರೈಲುಗಳು ಹೊರಡುವ ಸಿಎಸ್‌ಎಂಟಿ ನಿಲ್ದಾಣ ಅಂದುಕೊಳ್ಳಿ: ಎಲ್‌ಡಿಎಲ್ ಅಲ್ಲಿಂದ ಹೊರಟ ಡೌನ್ ಲೋಕಲ್, ಎಚ್‌ಡಿಎಲ್ ಮರಳಿ ಬರುವ ಅಪ್. ಅತ್ತೆಯ ರಿಪೋರ್ಟಿನಲ್ಲಿ ಒಟ್ಟು 242, ಎಚ್‌ಡಿಎಲ್ 44, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 150. ಅನೇಕ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟಿನಿಂದ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡಿನ ಐದರಲ್ಲೊಂದನ್ನೂ ಕಳೆಯುತ್ತವೆ. ಉಳಿದದ್ದು 168. ನೂರರೊಳಗಿದ್ದರೆ ಚೆನ್ನ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ.

ಕೊಲೆಸ್ಟ್ರಾಲ್ ಪದದ ಮೂಲ ಹುಡುಕಿದಾಗ ಸಿಕ್ಕಿದ್ದು ಸ್ವಾರಸ್ಯದ್ದು. ಗ್ರೀಕಿನಲ್ಲಿ ‘ಖೊಲೆ’ ಎಂದರೆ ಪಿತ್ತ, ‘ಸ್ಟೆರಿಯೊಸ್’ ಎಂದರೆ ಗಟ್ಟಿ. ಪಿತ್ತಕೋಶದ ಕಲ್ಲಿನಲ್ಲಿ ಮೊದಲು ಸಿಕ್ಕ ವಸ್ತುವಾದ್ದರಿಂದ ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರಲ್ ಹಾಗೆ ಕರೆದ. ಕೊನೆಯ ‘ಆಲ್’ ಆಮೇಲೆ ಅಂಟಿದ್ದು. ಯಕೃತ್ತಿಗೆ ಕನ್ನಡ ಕೊಟ್ಟ ಹೆಸರಿನಲ್ಲೂ ಪಿತ್ತವೇ ಇದೆ! ಹಾಗೆಂದು ‘ಘನಪಿತ್ತ’ ಅಂದರೆ ಅತ್ತೆ ಶುಂಠಿ ಕಷಾಯಕ್ಕಿಡುತ್ತಾರೆ.

‘ನೆಣ’ಕ್ಕೆ ಮಾಂಸದಂಗಡಿಯ ವಾಸನೆ, ‘ಮೇದಸ್ಸು’ ಪಠ್ಯಪುಸ್ತಕದ್ದು. ನನ್ನ ಒಲವು ‘ಜಿಡ್ಡಿ’ನ ಕಡೆಗೆ: ರಕ್ತದಲ್ಲಿ ಜಿಡ್ಡು ಹೆಚ್ಚಾಗಿದೆ ಅಂದಾಗ ಅತ್ತೆ ಮುನಿಯಲಿಲ್ಲ, ಡಾಕ್ಟರ ಬಳಿಗೂ ಹೊರಟರು. ಆದರೆ ಎಣ್ಣೆಪಾತ್ರೆಯ ಜಿಡ್ಡಿನೊಂದಿಗೆ ಇದು ಕಲಸಿಹೋಗುತ್ತದೆಯೇ? ನಿಮ್ಮ ಮನೆಯ ಹಿರಿಯರು, ಅದರಲ್ಲೂ ಧಾರವಾಡ, ಕುಂದಾಪುರದ ಕಡೆಯವರು, ಏನನ್ನುತ್ತಾರೆ?